ಅಪಾಚೆ ಎಂಬುದಕ್ಕೆ ಪುರಾವೆ

ಟೆಕ್ಸಸ್ಸಿನ ಒಂದು ಸಣ್ಣ ಊರಿನ ಅಂಚೆ ಕಚೇರಿಯ ಸಾಲಿನಲ್ಲಿ ಕಾಯುತ್ತಿದ್ದ ಎಲಿಡಾಳ ಮುಂದೆ, ಅವಳಿಗೆ ಮುಖಪರಿಚಯವಿದ್ದ ಮುದುಕಿ ಪೆಟ್ರಾ ಮತ್ತು ಅವಳ ಸೊಸೆ ನೆಲ್ಡಾ ನಿಂತಿದ್ದರು. ಸೊಸೆಯ ಕೈಯಲ್ಲಿ, ತಮ್ಮ ಮೂಲನಿವಾಸಿ ಕುಲಕ್ಕೆ ಸರ್ಕಾರದ ಮಾನ್ಯತೆ ಕೋರಿ ವಾಷಿಂಗ್ಟನ್ನಿಗೆ ಹೊರಟ ಕಾಗದಗಳ ಪೆಟ್ಟಿಗೆ. ಬೇಡವೆಂದರೂ ಅವರ ಮಾತು ಎಲಿಡಾಳ ಕಿವಿಗೆ ಬೀಳುತ್ತಿತ್ತು.

“ಮತ್ತೇನಂತೆ ಅವರ ತಕರಾರು?”

“ನಾವು ಅಪಾಚೆ ಕುಲದವರು ಅನ್ನೋಕೆ ಪುರಾವೆ ಸಾಲದಂತೆ ಅತ್ತೆ. ಚರ್ಚಿನ ದಾಖಲೇಲಿ ನಿಮ್ಮಜ್ಜಿ ಮೆಕ್ಸಿಕನ್ ಅಂತ ಬರೆಸಿದಾರಂತೆ.”

“ಬರೆಸದೆ ಇನ್ನೇನು ಮಾಡ್ತಾಳೆ? ಅಪಾಚೆ ಅಂದಿದ್ರೆ ಸಿಪಾಯಿಗಳು ನಿಂತಲ್ಲೇ ಗುಂಡು ಹೊಡೀತಿದ್ರು.”

“ಅದನ್ನೂ ಬರೆದಿದ್ದೆ.”

“ಏನಂದ್ರು?”

“ಅದಕ್ಕೂ ದಾಖಲೆ ಕೊಡಿ ಅಂದ್ರು.”

“ಗುಂಡು ಹೊಡೆದವರು ರಸೀದಿ ಕೊಡ್ತಿದ್ರೇನೇ? ಬಚ್ಚಿಟ್ಕೊಂಡಿದ್ದಕ್ಕೆ ಬದುಕಿದ್ವಿ. ಈಗ ಯಾಕೆ ಕಾಣಿಸ್ಲಿಲ್ಲ ಅಂತ ಇವರೇ ಕೇಳ್ತಾರೆ!”

“ಮೆಲ್ಲಗೆ ಅತ್ತೆ, ಜನ ನೋಡ್ತಿದಾರೆ.”

“ನೋಡ್ಲಿ! ಮೂವತ್ತು ವರ್ಷದಿಂದ ನಾವು ಕೇಳ್ತಿರೋದು ಅದನ್ನೇ ಅಲ್ವಾ, ನಮ್ಮನ್ನ ನೋಡಿ ಅಂತ?”

ಅವರ ಸರದಿ ಬಂತು. ಗುಮಾಸ್ತೆ ಪೆಟ್ಟಿಗೆಯನ್ನು ತೂಗುತ್ತ ಎಂದಿನಂತೆ ಕೇಳಿದಳು: “ಬೇಗ ಹಾಳಾಗೋ ವಸ್ತು ಏನಾದ್ರೂ ಇದೆಯಾ?”

“ಪೆಟ್ಟಿಗೇಲಿಲ್ಲಮ್ಮ,” ಎಂದಳು ಪೆಟ್ರಾ. “ಇಲ್ಲಿ ನಿಂತಿದೀನಿ. ಎಂಬತ್ತೆಂಟು ವರ್ಷ.”

ನೆಲ್ಡಾ ನಗಲಿಲ್ಲ. ಅಂಚೆಯ ಹಣ ಕೊಟ್ಟು, ಅತ್ತೆಯ ತೋಳು ಹಿಡಿದು ಬಾಗಿಲಿನತ್ತ ನಡೆದಳು.