ಮೂರು ಡಬ್ಬಿ ವಿಟಮಿನ್ ಇ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ನರೆತ ತಲೆಯ ಅಕ್ಕ ತಮ್ಮ ಕೂತಿದ್ದರು. ತಮ್ಮ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ. ಅಕ್ಕ ಅವನ ಚೀಲದಿಂದ ಮೂರು ಡಬ್ಬಿ ಹೊರತೆಗೆದಳು.

“ಮೂರೂ ವಿಟಮಿನ್ ಇ ಅಲ್ವೇನೋ?”

“ಬೇರೆ ಬೇರೆ ಅಕ್ಕ. ಇದು ಎಣ್ಣೆಕಾಳಿಂದ ತೆಗೆದಿದ್ದು. ಇದು ಫ್ಯಾಕ್ಟರೀಲಿ ಮಾಡಿದ್ದು, ಶಕ್ತಿ ಸ್ವಲ್ಪ ಕಮ್ಮಿ. ಇದು ನಾಲ್ಕು ತರದ ವಿಟಮಿನ್ ಇ ಬೆರೆಸಿದ್ದು.”

“ಯಾವುದು ತಗೋತೀಯ?”

“ಯಾವುದು ಒಳ್ಳೇದು ಅಂತ ಗೊತ್ತಾಗ್ಲಿಲ್ಲ. ಮೂರೂ ತಗೋತೀನಿ.”

“ಭಾರಿ ಬುದ್ಧಿವಂತ ನೀನು. ಒಂದೇ ಊರಿಗೆ ಮೂರು ಬಸ್ ಹತ್ತಿದಂಗಾಯ್ತು.”

“ಹೃದಯಕ್ಕೆ ಒಳ್ಳೇದಂತೆ.”

“ಹೃದಯಕ್ಕೆ ಅಂತ ರಕ್ತ ತೆಳು ಮಾಡೋ ಮಾತ್ರೆ ಆಗ್ಲೇ ನುಂಗ್ತಿದೀಯ. ಇದೂ ರಕ್ತ ತೆಳು ಮಾಡೋದೇ. ಅದರ ಮೇಲೆ ಇದನ್ನೂ ಸುರ್ಕೊಂಡ್ರೆ ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲುತ್ತೇನೋ? ಬೆಳಿಗ್ಗೆ ನೀನು ಹಲ್ಲುಜ್ಜಿದ ಮೇಲೆ ಬೇಸಿನ್ ಕೆಂಪಗಿತ್ತು. ಡಾಕ್ಟ್ರಿಗೆ ಹೇಳಿದೀಯಾ?”

“ಔಷಧಿ ಏನೇನು ತಗೋತೀರಾ ಅಂತ ಕೇಳಿದ್ರು. ಆ ಮಾತ್ರೆ ಹೇಳ್ದೆ. ಇದು ಔಷಧಿ ಅಲ್ವಲ್ಲ, ನೈಸರ್ಗಿಕ.”

“ಹುಳುಕು ಹಲ್ಲೂ ನೈಸರ್ಗಿಕಾನೇ. ಯಾಕೆ ಕೀಳಿಸ್ಕೋತೀಯ, ಇಟ್ಕೋ.”

ಒಳಗಿನಿಂದ ನರ್ಸ್ ಕರೆದಳು. ತಮ್ಮ ಡಬ್ಬಿಗಳಿಗೆ ಕೈ ಚಾಚಿದ. ಅಕ್ಕ ಕೊಡಲಿಲ್ಲ.

“ನೀನು ಬಾಯಿ ತೆಗೆಯೋದು ಹಲ್ಲು ತೋರಿಸೋಕೆ ಮಾತ್ರ. ಮಾತಾಡೋದು ನಾನು,” ಎಂದು ಮೂರೂ ಡಬ್ಬಿಗಳನ್ನು ಎದೆಗವಚಿಕೊಂಡು ಮುಂದೆ ನಡೆದಳು.