ತಿಮಿಂಗಿಲವನ್ನು ಎತ್ತುವವರು

ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ತಿಳಿಸಿಕೊಟ್ಟ ಓದುಗರ ಸಂಘದ ಕಾರ್ಯದರ್ಶಿಗಳೇ, ಮುಖ್ಯ ಅತಿಥಿಗಳಾದ ಜೀವಶಾಸ್ತ್ರದ ಮೇಷ್ಟ್ರೇ, ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ, ಫ್ಯಾನು ಸಿಗದೆಯೂ ಎದ್ದು ಹೋಗದ ಸಹನಶೀಲ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುತ್ತ "ಬದುಕನ್ನೇ ಕಡಲಿಗೆ ಮುಡಿಪಿಟ್ಟವರು" ಎಂದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ನಾನು ಬದುಕನ್ನು ಮುಡಿಪಿಟ್ಟದ್ದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ. ಮೂವತ್ತೊಂದು ವರ್ಷ ಅಲ್ಲಿ ಗಾಜು ಉಜ್ಜಿದ್ದೇನೆ. ಈ ಸಭೆಯಲ್ಲಿ ನಲವತ್ತು ಜನರಾದರೂ ನನ್ನನ್ನು ನಾನೇ ಉಜ್ಜಿದ ಗಾಜಿನಿಂದ ನೋಡುತ್ತಿದ್ದೀರಿ. ಹಾಗಾಗಿ ನಾನು ಇರುವುದಕ್ಕಿಂತ ದೊಡ್ಡವನಾಗಿ ಕಂಡರೆ ಆ ತಪ್ಪೂ ನನ್ನದೇ.

ಕಡಲನ್ನು ನಾನು ಜೀವಮಾನದಲ್ಲಿ ನೋಡಿದ್ದು ಒಂದೇ ಸಲ, ಅಂಗಡಿಯವರೆಲ್ಲ ಸೇರಿ ಪ್ರವಾಸ ಹೋದಾಗ. ವ್ಯಾನಿನಿಂದ ಇಳಿದ ಐದನೇ ನಿಮಿಷಕ್ಕೆ ನನ್ನ ಒಂದು ಚಪ್ಪಲಿ ಅಲೆಯ ಪಾಲಾಯಿತು. ಉಳಿದ ಎರಡು ಗಂಟೆ ನಾನು ಕಡಲಿಗೆ ಬೆನ್ನು ಹಾಕಿ ಮರಳಿನಲ್ಲಿ ಅದನ್ನೇ ಹುಡುಕಿದೆ. ಮುಂದೆ ಪತ್ರಿಕೆಯವರೊಬ್ಬರು ಬಂದು "ನಿಮ್ಮ ಸ್ಫೂರ್ತಿ ಏನು?" ಎಂದು ಕೇಳಿದಾಗ, "ಕಡಲ ಅಲೆಗಳೇ ನನ್ನ ಗುರು" ಎಂದುಬಿಟ್ಟೆ. ಹೇಳುವವನಿಗೆ ನಾಚಿಕೆ ಇಲ್ಲದಿದ್ದರೆ ಬರೆದುಕೊಳ್ಳುವವರೇನು ಮಾಡುತ್ತಾರೆ?

ಈ ಮರದ ತಿಮಿಂಗಿಲವನ್ನು ಪ್ರೀತಿಯಿಂದ ನನ್ನ ಕೈಗಿತ್ತಿದ್ದೀರಿ. ಬಹಳ ಚೆನ್ನಾಗಿದೆ. ಮೈತುಂಬ ಮೀನಿನ ಹುರುಪೆ ಕೆತ್ತಿದ್ದಾರೆ. ತಿಮಿಂಗಿಲಕ್ಕೆ ಹುರುಪೆ ಇರುವುದಿಲ್ಲ, ಅದು ಮೀನಲ್ಲ. ಆದರೆ ಬಡಗಿಯವರನ್ನು ದೂರುವ ಹಾಗಿಲ್ಲ, ಅವರು ನನ್ನ ಮೊದಲನೆಯ ಸಂಪುಟ ಓದಿರಬೇಕು. ಅದರಲ್ಲಿ ನಲವತ್ತನೇ ಪುಟದಲ್ಲಿ ತಿಮಿಂಗಿಲಕ್ಕೆ ಕಿವಿರು ಇಟ್ಟಿದ್ದೆ, ತೊಂಬತ್ತನೇ ಪುಟದಲ್ಲಿ ಶ್ವಾಸಕೋಶ ಇಟ್ಟಿದ್ದೆ. ನಡುವಿನ ಐವತ್ತು ಪುಟಗಳಲ್ಲಿ ಅದು ಹೇಗೆ ಬದುಕಿತೋ ನನಗೂ ಗೊತ್ತಿಲ್ಲ. ಈ ಮೇಷ್ಟ್ರು ಹನ್ನೊಂದು ಹಾಳೆಯ ಪತ್ರ ಬರೆದು ತಪ್ಪು ತೋರಿಸಿದರು. "ಅದು ಎರಡು ಚಂದ್ರರ ಪ್ರಭಾವ" ಎಂದು ನಾನು ಒಂದೇ ಸಾಲಿನ ಉತ್ತರ ಬರೆದೆ. ಮೇಷ್ಟ್ರೇ, ಈಗ ಹೇಳುತ್ತೇನೆ, ಚಂದ್ರರ ತಪ್ಪು ಏನೂ ಇರಲಿಲ್ಲ.

ನನ್ನ ಪುಸ್ತಕಗಳನ್ನು ಓದದವರಿಗಾಗಿ, ಎಂದರೆ ನಿಮ್ಮಲ್ಲಿ ಬಹುಪಾಲು ಜನರಿಗಾಗಿ, ಆ ಲೋಕದ ಕಥೆಯನ್ನು ಚಿಕ್ಕದಾಗಿ ಹೇಳಬೇಕು. ಎರಡು ಚಂದ್ರರಿರುವ ಲೋಕ ಅದು. ನೆಲ ಕಾದ ಕಾವಲಿ. ಅಲ್ಲಿನ ತಿಮಿಂಗಿಲಗಳು ಮೊದಮೊದಲು ಮೇಕೆಯಷ್ಟಿದ್ದ ನಾಲ್ಕು ಕಾಲಿನ ಪ್ರಾಣಿಗಳು. ಅಂಗಾಲು ಸುಡುತ್ತದೆಂದು ನೀರಿಗೆ ಇಳಿದವು. ಅಂಗಾಲು ತಂಪಾಯಿತು, ಮೊಣಕಾಲಿಗೂ ಸ್ವಲ್ಪ ಇರಲಿ ಎನ್ನಿಸಿತು, ಮೊಣಕಾಲಾದ ಮೇಲೆ ಹೊಟ್ಟೆ ಸುಮ್ಮನಿರುತ್ತದೆಯೇ? ಹೀಗೆ "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಎನ್ನುತ್ತ ಲಕ್ಷಾಂತರ ವರ್ಷ ಕಳೆದವು. ಮುಂಗಾಲುಗಳು ಈಜುರೆಕ್ಕೆಗಳಾದವು, ಹಿಂಗಾಲುಗಳು ಕರಗಿದವು, ಮೂಗು ಮುಖವನ್ನು ಬಿಟ್ಟು ನೆತ್ತಿಯ ಮೇಲೆ ಹೋಗಿ ಕೂತಿತು. ಎಲ್ಲ ಬದಲಾಯಿತು, ಶ್ವಾಸಕೋಶ ಮಾತ್ರ ನೆಲದ್ದೇ ಉಳಿಯಿತು. ಕಡಲಿನಲ್ಲೇ ಹುಟ್ಟಿ ಕಡಲಿನಲ್ಲೇ ಸಾಯುವ ಪ್ರಾಣಿ ಉಸಿರಿಗೆ ಮಾತ್ರ ಮೇಲೆ ಬರಲೇಬೇಕು.

ಆ ಲೋಕದಲ್ಲಿ ಇನ್ನೊಂದು ಪೇಚು. ಅಲ್ಲಿ ಉಸಿರು ತಾನಾಗಿ ಆಡುವುದಿಲ್ಲ. ಪ್ರತಿಯೊಂದು ಉಸಿರನ್ನೂ ನೆನಪಿಟ್ಟು ತೆಗೆದುಕೊಳ್ಳಬೇಕು. ಎರಡೂ ಚಂದ್ರರು ಕೂಡಿದಾಗ ಕಡಲು ಮೂರು ದಿನ ಉಕ್ಕುತ್ತದೆ, ತಿಮಿಂಗಿಲಗಳು ಈಜಿ ಈಜಿ ಸೋಲುತ್ತವೆ, ಆಮೇಲೆ ತಡೆಯಲಾರದ ನಿದ್ದೆ ಬರುತ್ತದೆ. ನಿದ್ದೆ ಹೋದರೆ ಮುಳುಗಿದಂತೆ. ಹಾಗಾಗಿ ಮಲಗಿದ ಒಂದೊಂದು ತಿಮಿಂಗಿಲದ ಕೆಳಗೂ ಇನ್ನೊಂದು ತಿಮಿಂಗಿಲ ಇರುತ್ತದೆ. ಅದು ಎಣಿಸುತ್ತದೆ. ಎಣಿಕೆ ಅರವತ್ತಕ್ಕೆ ಬಂದಾಗ ಮಲಗಿದವರನ್ನು ಬೆನ್ನ ಮೇಲೆ ಹೊತ್ತು ಮೇಲೆ ತರುತ್ತದೆ, ಬೆನ್ನಿನಿಂದಲೇ ಒಮ್ಮೆ ತಟ್ಟಿ ಉಸಿರು ಬಿಡಿಸುತ್ತದೆ, ಮತ್ತೆ ಮೆಲ್ಲಗೆ ಇಳಿಸುತ್ತದೆ. ಅವರಿಗೆ 'ಎತ್ತುವವರು' ಎಂದು ಹೆಸರಿಟ್ಟೆ. ಮೈಕಟ್ಟು ಗಿಡ್ಡ, ಬೆನ್ನು ಅಗಲ. ಉಳಿದ ತಿಮಿಂಗಿಲಗಳೆಲ್ಲ ಹಾಡುತ್ತವೆ, ಇವರಿಗೆ ಹಾಡು ಬರುವುದಿಲ್ಲ. ಎಣಿಸುವವರಿಗೆ ಹಾಡಲು ಬಿಡುವೆಲ್ಲಿ?

ನಾಲ್ಕು ಸಂಪುಟಗಳಲ್ಲಿ ನಾನು ಬರೆದ ಯುದ್ಧಗಳು, ರಾಜವಂಶಗಳು, ಒಂಬತ್ತು ಪುಟಗಳ ಆ ಒಂದು ಸೂರ್ಯೋದಯ, ಇವು ಯಾವುವೂ ನಿಮಗೆ ನೆನಪಿಲ್ಲ. ನನಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಈ ಎತ್ತುವವರ ಬಗ್ಗೆಯೇ. "ಇಂಥ ಕಲ್ಪನೆ ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳುತ್ತೀರಿ. ಇಲ್ಲಿ ನನ್ನ ಚೀಟಿಯಲ್ಲಿ "ಅಲೆ, ಮೌನ, ಧ್ಯಾನ" ಎಂದು ಬರೆದುಕೊಂಡಿದ್ದೇನೆ. ಅದನ್ನೇ ಓದುವವನಿದ್ದೆ. ಆದರೆ ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ, ಆರೂವರೆಯ ಬಸ್ಸು ತಪ್ಪಬಾರದೆಂದು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ನಮ್ಮಕ್ಕ ಕೂತಿದ್ದಾಳೆ. ಅವಳೆದುರಿಗೆ ಇದನ್ನು ಓದಿದರೆ ನನಗೆ ನಗು ಬರುತ್ತದೆ. ಅವಳಿಗೆ ಬರುವುದಿಲ್ಲ.

ಅಂದು ಪತ್ರಿಕೆಯಲ್ಲಿ ಆ ಅಲೆಗಳ ಮಾತು ಓದಿದವಳು ಒಂದೇ ಪ್ರಶ್ನೆ ಕೇಳಿದ್ದಳು: "ಅಲೆಗೆ ಕಾಜಾ ಹಾಕೋಕೆ ಬರುತ್ತೇನೋ?"

ಆ ಮಾತಿನ ಅರ್ಥ ನಿಮಗೆ ಆಗಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅಧ್ಯಕ್ಷರು ಗಡಿಯಾರ ನೋಡಬಾರದು. ನನಗಾಗ ಏಳು ವರ್ಷ, ಅಕ್ಕನಿಗೆ ಹದಿನೇಳು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ಹೋದರೆ ಬರುವುದು ಸಂಜೆ. ನನಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎದ್ದು ಕೂತರೆ ತಲೆ ತೂಗಿ ಬೀಳುತ್ತಿತ್ತು. ನನ್ನನ್ನು ನೋಡಿಕೊಳ್ಳಲೆಂದು ಅಕ್ಕನ ಶಾಲೆ ಅಲ್ಲಿಗೇ ನಿಂತಿತು. ಅವಳು ದರ್ಜಿಯೊಬ್ಬರಿಂದ ಶಾಲಾ ಮಕ್ಕಳ ಅಂಗಿಗಳನ್ನು ಮನೆಗೆ ತಂದು, ಗುಂಡಿ ಹಚ್ಚಿ ಕಾಜಾ ಹಾಕಿ ಕೊಡುತ್ತಿದ್ದಳು. ಮಧ್ಯಾಹ್ನ ಕಿಟಕಿಯ ಬೆಳಕಿಗೆ ನೆಲದ ಮೇಲೆ ಕೂತು, "ಬಾ ಮರಿ, ಒರಗಿಕೋ" ಎನ್ನುತ್ತಿದ್ದಳು. ಅವಳ ಬೆನ್ನಿಗೆ ನನ್ನ ಬೆನ್ನು. ಅವಳು ಕಾಜಾ ಹಾಕುತ್ತ ಎಣಿಸುತ್ತಿದ್ದಳು: "ತಿಮಿಂಗಿಲ ಕೆಳಗೆ ಹೋಯ್ತು… ಒಂದು, ಎರಡು, ಮೂರು… ಈಗ ಮೇಲೆ ಬಂತು. ಬಿಡು ಉಸಿರು. ಇನ್ನೂ ಬಿಡು. ಅವಸರ ಇಲ್ಲ, ಕಡಲೇನು ಓಡಿಹೋಗಲ್ಲ." ಹಾಗೇ ನಿದ್ದೆ ಹತ್ತುತ್ತಿತ್ತು. ಎದ್ದು ನೋಡಿದರೆ ಅವಳ ಪಕ್ಕದಲ್ಲಿ ಹದಿನಾರು ಅಂಗಿ ಮುಗಿದಿರುತ್ತಿದ್ದವು. ಅವಳು ಕಾಲು ಜೋಮು ಹಿಡಿದು ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ನಾನು ಅವಳನ್ನು ನೋಡಿ ನಗುತ್ತಿದ್ದೆ.

ತಿಮಿಂಗಿಲ ಅವಳದು. ಎಣಿಕೆ ಅವಳದು. ಬೆನ್ನು ಅವಳದು. ಎರಡು ಚಂದ್ರರು ಮಾತ್ರ ನನ್ನವು, ಮತ್ತು ಆ ಕಿವಿರು. ಅದನ್ನೂ ಹಸ್ತಪ್ರತಿಯಲ್ಲೇ ಅವಳು ಹಿಡಿದಿದ್ದಳು: "ಕಿವಿರಿದ್ರೆ ಅದು ಮೇಲೆ ಯಾಕೋ ಬರ್ಬೇಕು?" "ನಿಂಗೆ ವಿಜ್ಞಾನ ಅರ್ಥ ಆಗಲ್ಲ ಬಿಡಕ್ಕ" ಎಂದಿದ್ದೆ. ಮೇಷ್ಟ್ರೇ, ನಿಮ್ಮ ಹನ್ನೊಂದು ಹಾಳೆಯನ್ನು ಶಾಲೆ ಬಿಟ್ಟವಳೊಬ್ಬಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಳು.

ಈಗ ಅರ್ಪಣೆಗಳ ವಿಚಾರ. ಮೊದಲನೆಯ ಸಂಪುಟವನ್ನು ಅಂಗಡಿಯ ಯಜಮಾನರಿಗೆ ಅರ್ಪಿಸಿದೆ, ರಜೆ ಬೇಕಾಗಿತ್ತು. ಎರಡನೆಯದನ್ನು ಹೆಂಡತಿಗೆ, ಮನೆಯಲ್ಲಿ ಇರಬೇಕಾಗಿತ್ತು. ಮೂರನೆಯದನ್ನು ಮೇಷ್ಟ್ರಿಗೆ, ಮತ್ತೆ ಪತ್ರ ಬರೆಯದಿರಲಿ ಎಂದು. ನಾಲ್ಕನೆಯದನ್ನು ಕಡಲಿಗೆ. ಕಡಲು ಇನ್ನೂ ಓದಿಲ್ಲ.

ಆ ನಾಲ್ಕನೆಯದರಲ್ಲೇ ನನ್ನ ದೊಡ್ಡ ಸಾಹಸ ಇರುವುದು. ಆ ವರ್ಷ ಹೊಸದೊಂದು ಇನ್ಹೇಲರ್ ನನಗೆ ಚೆನ್ನಾಗಿ ಒಗ್ಗಿತ್ತು. ಜೇಬಿನಲ್ಲಿ ಅದು, ಕೈಯಲ್ಲಿ ಪೆನ್ನು, ಮನುಷ್ಯನನ್ನು ಹಿಡಿಯುವವರುಂಟೇ? ಪುಟ ನೂರಾ ಹನ್ನೆರಡರಲ್ಲಿ ನನ್ನ ತಿಮಿಂಗಿಲಗಳು ನಿದ್ದೆಯಲ್ಲೇ ತಾವಾಗಿ ಉಸಿರಾಡುವುದನ್ನು ಕಲಿತವು. ಅದೇ ಪುಟದ ಏಳನೆಯ ಸಾಲಿನಲ್ಲಿ ಹೀಗೆ ಬರೆದೆ: "ಕಾಲಕ್ರಮೇಣ ಎತ್ತುವವರ ಕುಲ ತಾನಾಗಿ ಅಳಿಯಿತು." ಐದು ಪದ. ಸೂರ್ಯೋದಯಕ್ಕೆ ಒಂಬತ್ತು ಪುಟ ಕೊಟ್ಟವನು ಅವರಿಗೆ ಕೊಟ್ಟದ್ದು ಐದು ಪದ.

ಅಕ್ಕ ಪುಸ್ತಕ ಹಿಡಿದುಕೊಂಡು ಅಂಗಡಿಗೇ ಬಂದಳು. ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು, "ಹಾಗಾದ್ರೆ ಎತ್ತೋರೆಲ್ಲ ಎಲ್ಲಿ ಹೋದ್ರೋ?" ಎಂದಳು.

ನಾನು ಗಾಜು ಉಜ್ಜುತ್ತಲೇ ಉತ್ತರಿಸಿದೆ: "ವಿಕಾಸ ಅಂದ್ರೆ ಹಾಗೇ ಅಕ್ಕ. ಬೇಡವಾದದ್ದು ಉದುರಿಹೋಗುತ್ತೆ. ಹಿಂಗಾಲು ಹೋಗ್ಲಿಲ್ವಾ?"

"ಸರಿ ಬಿಡು" ಎಂದು ಎದ್ದು ಹೋದಳು.

ಸಭಿಕರೇ, ಆ "ಸರಿ ಬಿಡು" ಎಂಟು ವರ್ಷ ನಡೆಯಿತು. ಮಾತು ನಿಲ್ಲಲಿಲ್ಲ, ಊಟ ಆಯ್ತಾ, ಆಯ್ತು. ಹುಷಾರಾ, ಹುಷಾರು. ಆದರೆ ತಿಮಿಂಗಿಲದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಐದನೆಯ ಸಂಪುಟ ಅಚ್ಚಿನಲ್ಲಿದೆ ಎಂದು ಕಾರ್ಯದರ್ಶಿಗಳು ಈಗ ಹೇಳಿದರು. ಹಾಗೆಂದು ಅವರಿಗೆ ಹೇಳಿದವನು ನಾನೇ. ಅಚ್ಚಿನಲ್ಲಿ ಇಲ್ಲ. ಹಾಳೆಯ ಮೇಲೂ ಇಲ್ಲ. ಎಂಟು ವರ್ಷದಿಂದ ನನ್ನ ತಿಮಿಂಗಿಲಗಳು ಮೇಜಿನ ಡ್ರಾಯರಿನಲ್ಲಿ ತಾವಾಗಿ ಉಸಿರಾಡಿಕೊಂಡು ಸುಖವಾಗಿ ಮಲಗಿವೆ. ಯಾರಿಗೂ ಯಾರೂ ಬೇಡ. ಯಾರಿಗೂ ಯಾರೂ ಬೇಡದ ಕಡಲಿನಲ್ಲಿ ಕಥೆ ಎಲ್ಲಿಂದ ಹುಟ್ಟಬೇಕು?

ಇವತ್ತು ಈ ಸಭಾಂಗಣದ ಮೆಟ್ಟಿಲು ಹತ್ತುವಾಗ ನಾನು ಅಕ್ಕನ ಹಿಂದೆ ಇದ್ದೆ. ಇಪ್ಪತ್ತೆರಡು ಮೆಟ್ಟಿಲು. ಅವಳು ಮೂರು ಕಡೆ ನಿಂತಳು. "ಯಾಕಕ್ಕ?" ಎಂದೆ. "ಗೋಡೆ ಮೇಲೆ ದಾನಿಗಳ ಹೆಸರು ಬರೆದಿದ್ದಾರಲ್ಲ, ಓದ್ತಿದ್ದೆ" ಎಂದಳು. ಅವಳ ಕನ್ನಡಕ ಮಾಡಿದವನು ನಾನು. ಅದು ಚೀಲದಲ್ಲಿತ್ತು. ಕನ್ನಡಕವಿಲ್ಲದೆ ಅವಳು ಗೋಡೆಯ ಮೇಲಿನ ಹೆಸರು ಓದುವುದಿರಲಿ, ಗೋಡೆಯನ್ನೇ ಸರಿಯಾಗಿ ಕಾಣಲಾರಳು. ಐವತ್ತು ವರ್ಷ ಬಟ್ಟೆಯ ಧೂಳು ಕುಡಿದ ಎದೆ ಅದು. ಒರಗಿ ಕೂತೇ ನಿದ್ದೆ ಮಾಡಬೇಕೆಂದು, ಒಬ್ಬರೇ ಇರಬಾರದೆಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಯಿತಂತೆ. ಅದನ್ನು ನನಗೆ ಹೇಳಿದ್ದು ಅವಳಲ್ಲ, ಡಾಕ್ಟರು; ಅವರೂ ನಮ್ಮ ಅಂಗಡಿಯ ಗಿರಾಕಿ. "ನಮ್ಮ ಮನೆಗೆ ಬಂದುಬಿಡು" ಎಂದು ಕಳೆದ ವಾರ ಕೇಳಿದೆ. "ನಂಗೇನಾಗಿದೆ? ನಾನು ಚೆನ್ನಾಗಿದ್ದೀನಿ" ಎಂದಳು. ಅವಳಿರುವುದು ಮೂರನೇ ಮಹಡಿ.

ಆ ಮೆಟ್ಟಿಲಿನ ಮೇಲೆ, ಅವಳ ಬೆನ್ನು ಏರುತ್ತ ಇಳಿಯುತ್ತ ಇರುವುದನ್ನು ನೋಡುತ್ತ ನಿಂತಾಗ, ನಾನೆಂಥ ಮುಠ್ಠಾಳ ಎಂಬುದು ನನಗೆ ಗೊತ್ತಾಯಿತು. ಆ ಬೆನ್ನಿಗೆ ವರ್ಷಗಟ್ಟಲೆ ಒರಗಿದ್ದೆ, ಕಣ್ಣಿಟ್ಟು ನೋಡಿದ್ದು ಇವತ್ತೇ. ಎತ್ತುವವರು ಎಲ್ಲಿ ಹೋದರು? ಎಲ್ಲಿಗೂ ಹೋಗಲಿಲ್ಲ. ಕೆಳಗೇ ಇದ್ದರು. ಮಲಗಿದ್ದವನು ಕಣ್ಣು ಮುಚ್ಚಿಕೊಂಡೇ ಇತಿಹಾಸ ಬರೆದ, ತನ್ನ ಉಸಿರು ತನ್ನದೇ ಎಂದುಕೊಂಡ. ನಾಲ್ಕು ಸಂಪುಟಗಳಲ್ಲಿ ಒಂದು ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ, ಹನ್ನೊಂದು ಹಾಳೆಯಲ್ಲಿ ಮೇಷ್ಟ್ರೂ ಕೇಳಲಿಲ್ಲ: ಎತ್ತುವವರು ಯಾವಾಗ ಮಲಗುತ್ತಾರೆ?

ಆದ್ದರಿಂದ ಒಂದು ವಿನಂತಿ. ಹೊರಗಿನ ಮೇಜಿನಲ್ಲಿ ಇವತ್ತು ನಾಲ್ಕನೆಯ ಸಂಪುಟ ಕೊಂಡವರು ದಯವಿಟ್ಟು ಪುಟ ನೂರಾ ಹನ್ನೆರಡು ತೆಗೆಯಿರಿ. ಮೇಲಿನಿಂದ ಏಳನೆಯ ಸಾಲು. ಪೆನ್ನಿನಿಂದ ಹೊಡೆದುಹಾಕಿ. ಸಣ್ಣಗೆ ಗೀಟು ಎಳೆದರೆ ಸಾಲದು, ಓದಲು ಬಾರದ ಹಾಗೆ ಹೊಡೆಯಿರಿ. ಗ್ರಂಥಾಲಯದ ಪ್ರತಿಯ ಮೇಲೆ ಗೀಚಬಾರದೆಂದು ನಿಯಮವಿದೆ. ಅಧ್ಯಕ್ಷರು ಒಂದು ನಿಮಿಷ ಆ ಕಡೆ ನೋಡಲಿ. ಆ ಜಾಗದಲ್ಲಿ ಐದನೆಯ ಸಂಪುಟದ ಮೊದಲ ಸಾಲನ್ನು ಬರೆದುಕೊಳ್ಳಿ. ಅದು ಈಗಷ್ಟೇ ಸಿದ್ಧವಾಗಿದೆ: "ಆ ದಿನ ಎತ್ತುವವಳಿಗೆ ನಿದ್ದೆ ಬಂತು, ಮಲಗಿದ್ದವನು ಎಚ್ಚೆತ್ತು ಅವಳ ಕೆಳಗೆ ಹೋದ."

ಅಕ್ಕ, ಚೀಲ ಹೆಗಲಿಗೆ ಹಾಕ್ಬೇಡ. ಆರೂವರೆ ಆಗಿದೆ, ಗೊತ್ತು. ಬಸ್ಸು ಹೋಗ್ಲಿ. ಎಂಟು ವರ್ಷ ತಡವಾಗಿ ಉತ್ತರ ಹೇಳ್ತಿದ್ದೀನಿ, ಎಂಟು ನಿಮಿಷ ಕೂತ್ಕೋ. ನಮ್ಮನೇಲಿ ಮೆಟ್ಟಿಲಿಲ್ಲ. ಕಿಟಕಿ ಹತ್ರ ಜಾಗ ಮಾಡಿದ್ದೀನಿ, ಬೆಳಕು ಚೆನ್ನಾಗಿ ಬರುತ್ತೆ. ನನ್ನ ಬೆನ್ನು ನಿನ್ನಷ್ಟು ಅಗಲ ಇಲ್ಲ, ಇರೋದರಲ್ಲೇ ಒರಗ್ಕೋಬೇಕು. ಕಾಜಾ ಹಾಕೋಕಂತೂ ನಂಗೆ ಬರಲ್ಲ. ಅರವತ್ತರವರೆಗೆ ಎಣಿಸೋಕೆ ಬರುತ್ತೆ. ನೀನೇ ಕಲಿಸಿದ್ದು. ನೀನು ಮಲಗು, ನಾನು ಎಣಿಸ್ತೀನಿ.

ಕ್ಷಮಿಸಿ, ಸಭಿಕರೇ. ಅವಳು ಚೀಲ ತೆರೆದಿದ್ದಾಳೆ. ಕನ್ನಡಕ ಹಾಕಿಕೊಂಡಳು. ಪುಸ್ತಕ ತೆಗೆದಳು, ಹಳೆಯ ಪ್ರತಿ, ಅಂಗಡಿಗೆ ತಂದಿದ್ದಳಲ್ಲ, ಅದೇ. ಪಕ್ಕದಲ್ಲಿ ಕೂತಿರುವವರೇ, ದಯವಿಟ್ಟು ಅವಳಿಗೊಂದು ಪೆನ್ನು ಕೊಡಿ.

ನನ್ನನ್ನು ಕರೆಸಿದ ಸಂಘಕ್ಕೆ, ಹುರುಪೆ ಕೆತ್ತಿದ ಬಡಗಿಯವರಿಗೆ, ಇಷ್ಟು ಹೊತ್ತು ತಡೆದುಕೊಂಡ ನಿಮಗೆಲ್ಲ ನಾನು ಋಣಿ. ಇನ್ನು ಮಾತನಾಡಲು ಉಸಿರಿಲ್ಲ, ಮೂರನೇ ಸಾಲಿಗೂ ಹೋಗಬೇಕಾಗಿದೆ. ನಮಸ್ಕಾರ.