ಚಪ್ಪಟೆ ಮೂಗಿನ ಪಿಸ್ತೂಲು

ಬರ್ಮಿಂಗ್‌ಹ್ಯಾಮಿನ ನಮ್ಮ ಚರ್ಚಿನ ಸಭಾಂಗಣಕ್ಕೆ ಶನಿವಾರ ಹಳೇ ವಸ್ತುಗಳನ್ನು ಪರೀಕ್ಷಿಸುವ ತಜ್ಞೆ ಬಂದಿದ್ದರು. ಸಾಲಿನಲ್ಲಿ ನನ್ನ ಮುಂದೆ ಎಪ್ಪತ್ತು ದಾಟಿದ ಅಕ್ಕ, ತಮ್ಮ. ಟವೆಲ್ಲಿನಲ್ಲಿ ಸುತ್ತಿದ ಚಕಮಕಿ ಕಲ್ಲಿನ ಪಿಸ್ತೂಲನ್ನು ಅಕ್ಕ ಕೂಸಿನಂತೆ ಎತ್ತಿಕೊಂಡಿದ್ದರು.

"ಕೇಳಿದ್ರೆ, ಮುತ್ತಜ್ಜ ಇದರಲ್ಲೇ ಗುದ್ದಿ ದರೋಡೆಕೋರನ ಹಲ್ಲುದುರಿಸಿದ್ದು ಅನ್ನು, ಡೋರೀನ್."

"ಸುಳ್ಳು ಹೇಳೋಕೆ ನನಗೆ ಬರಲ್ಲ ಕಣೋ, ಕ್ಲೈವ್."

"ಮತ್ತೆ ಹಿಡಿಕೆ ತುದೀಲಿರೋ ಹಿತ್ತಾಳೆ ಮುಖದ ಮೂಗು ಯಾಕೆ ಚಪ್ಪಟೆ ಅಂತೀಯ?"

"ಪ್ರತಿ ಕ್ರಿಸ್‌ಮಸ್ಸಿಗೂ ಅದರಲ್ಲೇ ಅಕ್ರೋಟು ಕುಟ್ಟಿ ಒಡೀತೀವಿ ಅಂತೀನಿ."

"ಮರ್ಯಾದೆ ತೆಗೀಬೇಡ! ಈ ಬೆಳ್ಳಿ ತಂತಿ ನೋಡು. ಕೂದಲಿನಷ್ಟು ಸಣ್ಣ, ಇದನ್ನ ಮಾಡಿದೋನು ಮರದೊಳಗೆ ಬಳ್ಳಿ ಹಬ್ಬಿದ ಹಾಗೆ ಕೂರಿಸಿದಾನೆ. ಅಂಥೋನ ಕೈಕೆಲಸದಲ್ಲಿ ಕಾಯಿ ಒಡೆಯೋದಾ?"

"ಇಷ್ಟು ವರ್ಷ ಕುಟ್ಟಿದ್ರೂ ಒಂದೆಳೆ ಎದ್ದಿಲ್ಲ. ಇದಕ್ಕಿಂತ ಹೊಗಳಿಕೆ ಬೇಕಾ ಅವನಿಗೆ?"

"ಹಿಡಿಕೇನೂ ಅಕ್ರೋಟು ಮರದ್ದೇ ಕಣೇ. ಮಕ್ಕಳ ತಲೇನ ಹೆತ್ತ ತಾಯಿ ಕೈಲೇ ಒಡೆಸಿದೀವಿ!"

"ಒಡೆದಿದ್ದನ್ನೆಲ್ಲ ತಿಂದೋನು ಯಾರಪ್ಪಾ?"

"ಅದಿರಲಿ. ನೀನು ಬಾಯಿ ಬಿಡಬೇಡ, ನಾನು ಮಾತಾಡ್ತೀನಿ."

ಅವರ ಸರದಿ ಬಂತು. ತಜ್ಞೆ ಬೆಳ್ಳಿ ಬಳ್ಳಿಯನ್ನು ಕಣ್ಣರಳಿಸಿ ನೋಡಿದರು. ಆಮೇಲೆ ಹಿತ್ತಾಳೆ ಮೂಗಿನ ಮೇಲೆ ಬೆರಳಾಡಿಸಿದರು.

"ಇದಕ್ಕೇನಾಯ್ತು?"

"ದರೋಡೆಕೋರನ ಹಲ್ಲು ತಾಗಿದ್ದು," ಎಂದರು ಕ್ಲೈವ್, ಎದೆಯುಬ್ಬಿಸಿ.

ತಜ್ಞೆ ಪಿಸ್ತೂಲನ್ನು ಮಗುಚಿ ಮೆಲ್ಲಗೆ ತಟ್ಟಿದರು. ಹಿತ್ತಾಳೆ ಮುಖದ ತೆರೆದ ಬಾಯಿಂದ ಅಕ್ರೋಟು ಚಿಪ್ಪಿನ ಚೂರೊಂದು ಮೇಜಿನ ಹಸಿರು ಬಟ್ಟೆಯ ಮೇಲೆ ಉದುರಿತು.

"ಇಗೋ," ಎಂದರು ಡೋರೀನ್, "ಹಲ್ಲು ಸಿಕ್ತು."